ಪದವಿನ ಮೇಲಿನ ಒಲೆ

ಸತ್ತವರು ಕಂಡರು, ಕರೆದರು, ದಾರಿಗೆ ಅಡ್ಡ ನಿಂತರು ಎಂದು ಯಾರಾದರೂ ಬಾಯಿ ತೆಗೆದರೆ ನಗುತ್ತಿದ್ದವನು ನಾನು. ನಕ್ಕು ಸುಮ್ಮನಾಗುತ್ತಿದ್ದರೆ ಪರವಾಗಿರಲಿಲ್ಲ, ಹೇಳುವವರನ್ನು ಪಾಟೀಸವಾಲು ಮಾಡಿ ಸುಸ್ತು ಮಾಡುತ್ತಿದ್ದೆ. ಎಷ್ಟು ಹೊತ್ತಿಗೆ ಕಂಡದ್ದು, ಎಷ್ಟು ಮಾರು ದೂರ, ಜೊತೆಯಲ್ಲಿ ಯಾರಿದ್ದರು, ರಾತ್ರಿ ಊಟಕ್ಕೆ ಏನಿತ್ತು ಎಂದೆಲ್ಲ ಕೇಳುತ್ತಿದ್ದೆ. ಕೊನೆಗೆ ಅವರೇ ಬೇಸತ್ತು "ನಿಮ್ಮ ಹತ್ತಿರ ಹೇಳಿ ಎಂತ ಪ್ರಯೋಜನ ಮಾರಾಯ್ರೆ" ಎಂದು ಎದ್ದು ಹೋಗುವರು. ಆಗ ನನಗೆ ಗೆದ್ದೆನೆಂಬ ಖುಷಿ. ಊರಿನ ಭೂತದ ಕೋಲಕ್ಕೆ ಹೋಗಿ ಕೈ ಮುಗಿದು ಬರುತ್ತಿದ್ದೆ, ಅದು ಊರ ಮರ್ಯಾದೆಯ ಪ್ರಶ್ನೆ. ಉಳಿದದ್ದೆಲ್ಲ ಹೆದರುಪುಕ್ಕಲರ ಕತೆ ಎಂದೇ ನನ್ನ ತೀರ್ಮಾನವಾಗಿತ್ತು.

ಈಗ ಅದೇ ಸವಾಲುಗಳನ್ನು ನನಗೆ ನಾನೇ ಹಾಕಿಕೊಂಡು ಉತ್ತರ ಸಿಗದೆ ಕೂತಿದ್ದೇನೆ. ನನಗೆ ಯಾವ ಪ್ರೇತವೂ ಕಾಣಲಿಲ್ಲ, ಯಾರೂ ಕೂಗಲಿಲ್ಲ. ರಾತ್ರಿಯೂ ಆಗಿರಲಿಲ್ಲ, ಬೆಳಗಿನ ಏಳೂವರೆ ಎಂಟರ ಹೊತ್ತು. ಒಂದು ಒಲೆಯ ಬೂದಿಯೊಳಗೆ ಕೈ ಹಾಕಿದೆ, ಅಷ್ಟೇ. ಇದನ್ನು ಓದಿ ನೀವು ನಕ್ಕರೆ ನನಗೆ ಸಿಟ್ಟು ಬರುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಮಹಾಯುದ್ಧ ಮುಗಿದು ಎರಡೋ ಮೂರೋ ವರ್ಷ ಕಳೆದಿತ್ತು. ಅಕ್ಕಿ ಇನ್ನೂ ರೇಷನಿನಲ್ಲಿ ಸಿಗುತ್ತಿದ್ದ ಕಾಲ. ಕಾಸರಗೋಡು ಕೇರಳಕ್ಕೆ ಸೇರಿರಲಿಲ್ಲ. ಮಂಗಳೂರೇ ನಮಗೆ ಜಿಲ್ಲೆ, ಮದರಾಸೇ ರಾಜಧಾನಿ. ನೆಕ್ರಾಜೆಯಿಂದ ಮೂಡಲಿಗೆ ಒಂದೆರಡು ಗುಡ್ಡ ಹತ್ತಿಳಿದರೆ ಸಿಗುವ ಗ್ರಾಮವೊಂದರಲ್ಲಿ ನಾನು ಶ್ಯಾನುಭೋಗನಾಗಿದ್ದೆ. ಗ್ರಾಮದ ಹೆಸರು ಬೇಡ, ಅಲ್ಲಿ ಈಗಲೂ ನಮ್ಮ ಸಂಬಂಧಿಕರಿದ್ದಾರೆ. ತಂದೆ ಮಾಡುತ್ತಿದ್ದ ಕೆಲಸ ನನಗೆ ಬಂದಿತ್ತು. ಯಾರ ಭೂಮಿ ಎಲ್ಲಿಂದ ಎಲ್ಲಿಯವರೆಗೆ, ಯಾವ ಗದ್ದೆಯಲ್ಲಿ ಯಾವ ಬೆಳೆ ಎಂದು ಬರೆದಿಡುವ ಉದ್ಯೋಗ. ಪಟೇಲರಿಗೆ ವಯಸ್ಸಾಗಿತ್ತು, ನಾನು ಬರೆದದ್ದಕ್ಕೆ ಅವರು ಕನ್ನಡಕ ಹುಡುಕದೆಯೇ ಸಹಿ ಹಾಕುತ್ತಿದ್ದರು. ಅಳತೆಯ ಸರಪಳಿ ಎಳೆಯುವುದಕ್ಕೆ, ಡಂಗುರ ಸಾರುವುದಕ್ಕೆ, ಜನರನ್ನು ಚಾವಡಿಗೆ ಕರೆತರುವುದಕ್ಕೆ ಉಗ್ರಾಣಿ ಸಂಕಪ್ಪನಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ಮಾತು ಕಡಿಮೆ.

ಗ್ರಾಮದ ಮೇಲುಗಡೆ ಒಂದು ಪದವು ಇತ್ತು. ನಮ್ಮ ಕಡೆಯ ಪದವುಗಳನ್ನು ನೋಡದವರಿಗೆ ಹೇಳುತ್ತೇನೆ. ಗುಡ್ಡ ಹತ್ತಿ ಹೋದರೆ ನೆತ್ತಿಯಲ್ಲಿ ಚಪ್ಪಟೆಯಾದ ಮುರಕಲ್ಲಿನ ಬಯಲು, ಕಣ್ಣು ಹಾಯುವಷ್ಟು ದೂರ ಹುಲ್ಲು. ಮರಗಳೇ ಇಲ್ಲ ಎನ್ನಬೇಕು. ಮಳೆಗಾಲದಲ್ಲಿ ಹಸಿರು, ತಗ್ಗಿದ್ದಲ್ಲೆಲ್ಲ ನೀರು. ಚಳಿಗಾಲಕ್ಕೆ ಮುಳಿಹುಲ್ಲು ಎದೆಯೆತ್ತರ ಬೆಳೆದು ಒಣಗುತ್ತದೆ, ಮನೆ ಹೊದಿಸುವುದಕ್ಕೆ ಊರವರು ಅದನ್ನು ಕೊಯ್ದು ಹೊರುತ್ತಾರೆ. ಆಮೇಲೆ ಬೇಸಗೆ ಮುಗಿಯುವವರೆಗೂ ಕರಿಕಲ್ಲು, ಬಿಸಿಲು. ನನ್ನ ಪುಸ್ತಕದಲ್ಲಿ ಆ ಪದವಿಗೆ ಒಂದು ನಂಬರು ಇತ್ತು, ನಂಬರಿನ ಎದುರು 'ಸರಕಾರಿ ಪಾಳು' ಎಂದು ನನ್ನ ತಂದೆಯ ಅಕ್ಷರದಲ್ಲಿ ಬರೆದಿತ್ತು.

ಆ ಪಾಳು ಜಾಗದಲ್ಲಿ ಮೂರು ಕೊಪ್ಪಗಳಿದ್ದವು. ಸೊಪ್ಪು, ಹುಲ್ಲು, ಬಿದಿರುಗಳಿಂದ ಕಟ್ಟಿದ ತಗ್ಗು ಗುಡಿಸಲನ್ನು ಹಾಗೆ ಕರೆಯುತ್ತಾರೆ. ತುಕ್ರು ಎಂಬ ಕೊರಗರ ಹೆಂಗಸು, ಅವಳ ಗಂಡ ಚನಿಯ, ಇಬ್ಬರು ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಅಲ್ಲಿ ವಾಸ. ಎಷ್ಟು ಕಾಲದಿಂದ ಎಂದು ಯಾರೂ ಕೇಳಿದವರಿಲ್ಲ. ನಮ್ಮ ಪೂರ್ವಿಕರು ಘಟ್ಟ ಇಳಿದು ಬಂದು ತೋಡಿನ, ಎಂದರೆ ಹಳ್ಳದ, ಬದಿಯ ಕಾಡು ಕಡಿದು ಗದ್ದೆ ಮಾಡಿದರಂತೆ. ಆಗಲೇ ಕೊರಗರು ಮೇಲಿನ ಪದವಿನಲ್ಲಿದ್ದರು ಎಂದು ನನ್ನ ಅಜ್ಜಿ ಹೇಳುವುದಿತ್ತು. ಹೇಳಿ ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅದರಲ್ಲಿ ಯೋಚಿಸುವ ವಿಷಯವೇನಾದರೂ ಉಂಟೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಊರಿನ ಪ್ರತಿ ಮನೆಯಲ್ಲೂ ತುಕ್ರು ಹೆಣೆದ ಬುಟ್ಟಿ ಇರುತ್ತಿತ್ತು. ಕಾಡಿನ ಬಳ್ಳಿಯನ್ನು ಸೀಳಿ ಹೆಣೆದದ್ದು, ಹತ್ತು ವರ್ಷ ಬಾಳುವಂಥದ್ದು. ಬುಟ್ಟಿ ನಮ್ಮ ಅಡಿಗೆಮನೆಯವರೆಗೂ ಬರುತ್ತಿತ್ತು, ಹೆಣೆದವಳು ಬೇಲಿಯ ತಡಮೆಯ ಆಚೆ ನಿಲ್ಲಬೇಕಾಗಿತ್ತು. ಅಲ್ಲಿಂದಲೇ ಕೂಗಿ ಕರೆಯುವಳು, ಅಮ್ಮ ಭತ್ತವನ್ನು ದೂರದಲ್ಲಿಟ್ಟು ಈಚೆ ಬರುವರು. ಇದನ್ನು ಬರೆಯುವುದಕ್ಕೆ ಇಂದು ನಾಚಿಕೆಯಾಗುತ್ತದೆ. ಆಗ ಆಗುತ್ತಿರಲಿಲ್ಲ.

ಪ್ರತಿವರ್ಷ ದೀಪಾವಳಿ ಕಳೆದ ಮೇಲೆ ಆ ಕುಟುಂಬ ಮೂಡಲ ಕಾಡಿಗೆ ಹೋಗುತ್ತಿತ್ತು. ಬಳ್ಳಿ ಸಿಗುವುದು ಅಲ್ಲಿ. ಕೊಪ್ಪದ ಸೊಪ್ಪು ಹುಲ್ಲನ್ನು ಬಿಚ್ಚಿ ಹಾಕಿ, ಒಳ್ಳೆಯ ಗಳುಗಳನ್ನು ಹೊತ್ತುಕೊಂಡು ಹೋಗುವರು. ಪತ್ತನಾಜೆಯ ಹೊತ್ತಿಗೆ, ಎಂದರೆ ಮಳೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ, ಬಳ್ಳಿಯ ಹೊರೆಯೊಂದಿಗೆ ಮರಳಿ ಬಂದು ಅದೇ ಜಾಗದಲ್ಲಿ ಕೊಪ್ಪ ಕಟ್ಟುವರು. ಮಧ್ಯದ ಆರು ತಿಂಗಳು ಪದವಿನಲ್ಲಿ ಉಳಿಯುತ್ತಿದ್ದದ್ದು ಮೂರು ಒಲೆಗಳು ಮತ್ತು ಮಣ್ಣು ಮೆತ್ತಿದ ನೆಲ ಮಾತ್ರ.

ಆ ವರ್ಷ ಮಳೆ ಜೋರಾಗಿದ್ದ ಆಟಿ ತಿಂಗಳಲ್ಲಿ ಚನಿಯ ತೀರಿಕೊಂಡ. ಹೇಳಿಟ್ಟ ಬುಟ್ಟಿ ಬರಲಿಲ್ಲ ಏಕೆ ಎಂದು ವಿಚಾರಿಸಿದಾಗ ನನಗೆ ಅದು ಗೊತ್ತಾಯಿತು. ಕೊಪ್ಪದಿಂದ ಹತ್ತು ಹೆಜ್ಜೆ ಆಚೆ ಮಣ್ಣು ಮಾಡಿ ಮೇಲೆ ಕಲ್ಲು ಪೇರಿಸಿದ್ದಾರೆ ಎಂದು ಸಂಕಪ್ಪ ಹೇಳಿದ. ನಾನು ಹೂಂ ಎಂದೆ.

ಅದೇ ವರ್ಷ ನಮ್ಮ ಊರಿಗೆ ಔಸೇಪ್ ಬಂದ. ತಿರುವಾಂಕೂರಿನಲ್ಲಿದ್ದ ಅಂಗೈಯಗಲದ ಜಾಗವನ್ನು ಮಾರಿ, ಬಡಗು ದಿಕ್ಕಿನಲ್ಲಿ ಭೂಮಿ ಸಿಗುತ್ತದೆಂಬ ಸುದ್ದಿ ಹಿಡಿದು, ಹೆಂಡತಿ ಮತ್ತು ಮೂರು ಮಕ್ಕಳನ್ನು ಕಟ್ಟಿಕೊಂಡು ಬಂದವನು. ಅಂಥವರು ಆಗ ಒಬ್ಬೊಬ್ಬರಾಗಿ ಬರತೊಡಗಿದ್ದರು. ತೋಡಿನ ಬದಿಯಲ್ಲಿ ನಾಲ್ಕು ತೆಂಗಿನ ಮಡಲು ಒರಗಿಸಿ ಬಿಡಾರ ಮಾಡಿದ್ದ. ಹೆಂಡತಿಗೆ ಚಳಿಜ್ವರ, ಕೈಗೂಸಿಗೂ ಜ್ವರ. ಔಸೇಪನದ್ದು ನಿಯತ್ತಿನ ದುಡಿಮೆ, ನಾಲ್ಕಾಳಿನ ಕೆಲಸವನ್ನು ಒಬ್ಬನೇ ಮಾಡುತ್ತಿದ್ದ. ಪದವಿನ ಐದು ಎಕರೆಗೆ ಅವನು ದರ್ಖಾಸ್ತು ಹಾಕಿದ. ಪಾಳು ಭೂಮಿಯಲ್ಲಿ ಆಹಾರ ಬೆಳೆಯುವವರಿಗೆ ಕೊಡಬೇಕೆಂದು ಮೇಲಿನಿಂದ ಉತ್ಸಾಹದ ಕಾಗದಗಳು ಬರುತ್ತಿದ್ದ ಸಮಯ. ಅರ್ಜಿಯ ನೋಟೀಸನ್ನು ಚಾವಡಿಯ ಕಂಬಕ್ಕೆ ಅಂಟಿಸಿದೆವು. ಸಂಕಪ್ಪ ಡಂಗುರ ಸಾರಿದ. ತಕರಾರು ಇದ್ದವರು ಬರಬೇಕೆಂದು ಅವನು ಸಾರುವಾಗ ತಕರಾರು ಮಾಡಬೇಕಾದವರು ಎರಡು ದಿನದ ದಾರಿಯಾಚೆ ಕಾಡಿನಲ್ಲಿದ್ದರು. ಇದು ನನಗೂ ಗೊತ್ತಿತ್ತು, ಸಂಕಪ್ಪನಿಗೂ ಗೊತ್ತಿತ್ತು.

ನನ್ನನ್ನು ನಾನು ಸಮಾಧಾನ ಮಾಡಿಕೊಂಡದ್ದು ಹೇಗೆಂದರೆ, ಅವರು ಅಲೆಯುವ ಜನ, ಇನ್ನೊಂದು ಪದವು ನೋಡಿಕೊಳ್ಳುತ್ತಾರೆ, ಇವನಾದರೋ ಜ್ವರದ ಮಗುವನ್ನು ಎತ್ತಿಕೊಂಡು ಬಂದು ಎದುರಿಗೆ ನಿಂತಿದ್ದಾನೆ. ಎದುರಿಗೆ ನಿಂತವನ ದುಃಖ ಕಾಣುತ್ತದೆ. ಕಾಡಿನಲ್ಲಿ ಬಳ್ಳಿ ಕೊಯ್ಯುತ್ತಿದ್ದವರ ಮುಖ ನನ್ನ ಕಣ್ಣಿಗೆ ಬರಲಿಲ್ಲ.

ಜಾಗದ ತನಿಖೆ ಮಾಡಿ ಮಹಜರು ಬರೆದು ಕಳುಹಿಸಬೇಕೆಂದು ನನಗೆ ಆದೇಶ ಬಂತು. ನಮ್ಮ ಕಾಲದ ಶ್ಯಾನುಭೋಗರ ಒಂದು ಗುಟ್ಟು ಹೇಳುತ್ತೇನೆ. ಮಹಜರನ್ನು ನಾವು ಜಾಗದಲ್ಲಿ ಬರೆಯುತ್ತಿರಲಿಲ್ಲ. ಮನೆಯಲ್ಲೇ ಹಿಂದಿನ ದಿನ, ಹಳೆಯ ಮಹಜರೊಂದನ್ನು ಮುಂದಿಟ್ಟುಕೊಂಡು ಚಂದದ ಅಕ್ಷರದಲ್ಲಿ ಬರೆದು ಮಡಚಿ ಜೇಬಿಗೆ ಹಾಕಿಕೊಂಡರೆ, ಜಾಗಕ್ಕೆ ಹೋಗಿ ಸಹಿ ಮತ್ತು ಹೆಬ್ಬೆಟ್ಟು ಹಾಕಿಸುವುದೊಂದೇ ಬಾಕಿ. ನನ್ನ ತಂದೆ ಬರೆದಿಟ್ಟ ಒಂದು ವಾಕ್ಯವನ್ನು ನಾನು ಹತ್ತಾರು ಮಹಜರುಗಳಿಗೆ ಹಾಗೆಯೇ ಇಳಿಸಿದ್ದೆ. 'ಸದರಿ ಜಾಗದಲ್ಲಿ ವಾಸದ ಮನೆಯಾಗಲಿ, ಬೆಂಕಿಯಿರುವ ಒಲೆಯಾಗಲಿ, ಬಾವಿಯಾಗಲಿ, ಗೋರಿಯಾಗಲಿ ಇರುವುದಿಲ್ಲ.' ಅದನ್ನೇ ಈ ಸಲವೂ ಬರೆದೆ.

ಮಕರ ತಿಂಗಳ ಒಂದು ಬೆಳಗ್ಗೆ ನಾನು, ಸಂಕಪ್ಪ, ಔಸೇಪ್ ಮೂವರೂ ಪದವಿಗೆ ಹತ್ತಿದೆವು. ಮಂಜು ಇನ್ನೂ ಕರಗಿರಲಿಲ್ಲ. ಮುಳಿ ಕೊಯ್ಲು ಮುಗಿದಿತ್ತು, ಉಳಿದ ಕೂಳೆಯ ಮೇಲೆಲ್ಲ ಇಬ್ಬನಿ. ಮೊಣಕಾಲಿನವರೆಗೆ ಪಂಚೆ ಒದ್ದೆಯಾಯಿತು. ಸರಪಳಿ ಹಿಡಿದು ಎರಡು ಬದಿ ಅಳೆದೆವು. ಮೂರನೆಯ ಬದಿ ಅಳೆಯುತ್ತ ಹೋದಾಗ ಕೊಪ್ಪಗಳಿದ್ದ ಜಾಗ ಸಿಕ್ಕಿತು. ಅಲ್ಲಿ ಸೊಂಟದೆತ್ತರದ ಒಂದು ಬಂಡೆ ಮುಂದಕ್ಕೆ ಬಾಗಿಕೊಂಡಿದೆ. ಅದರ ಅಡಿಯಲ್ಲಿ ಮೂರು ಕಲ್ಲಿನ ಒಂದು ಒಲೆ, ತುಸು ದೂರ ಬಯಲಿನಲ್ಲಿ ಇನ್ನೆರಡು. ಆಚೆ ಚನಿಯನ ಕಲ್ಲುಗಳು.

ಸಂಕಪ್ಪ ಸರಪಳಿ ಕೆಳಗಿಟ್ಟು ದೂರ ನಿಂತ. ಔಸೇಪನ ಮುಖದಲ್ಲಿ ಗಾಬರಿ ಇತ್ತು. ಒಲೆ ಉಂಟೆಂದರೆ ಜಾಗ ಕೈತಪ್ಪುತ್ತದೆ ಎಂದು ಅವನಿಗೆ ಯಾರೋ ಹೇಳಿರಬೇಕು. ಅವನಿಗೆ ಧೈರ್ಯ ಕೊಡುವುದಕ್ಕೆಂದೇ ನಾನು ನಗುತ್ತ, "ಇದೆಲ್ಲ ಹಳೇ ಬೂದಿ ಮಾರಾಯ, ನೋಡು" ಎಂದು ಬಂಡೆಯ ಅಡಿಯಲ್ಲಿ ಕುಕ್ಕುರು ಕುಳಿತೆ. ಒಲೆಯ ಮೂರು ಕಲ್ಲುಗಳ ನಡುವೆ ಜೇಡ ಬಲೆ ಕಟ್ಟಿತ್ತು. ಬಲೆಯ ತುಂಬ ಇಬ್ಬನಿಯ ಹನಿ. ಎಲ್ಲೂ ಹರಿದಿರಲಿಲ್ಲ. ಈ ಬಲೆಯನ್ನು ನಾನು ಚೆನ್ನಾಗಿ ನೋಡಿದ್ದೇನೆ, ಏಕೆಂದರೆ ಬೂದಿ ಮುಟ್ಟಬೇಕಾದರೆ ಅದನ್ನು ಹರಿಯಬೇಕಾಯಿತು.

ಮೇಲಿನ ಬೂದಿ ಮಂಜಿಗೆ ತೊಯ್ದು ಹೆಪ್ಪುಗಟ್ಟಿತ್ತು. ಕೆದಕಿ ತೋರಿಸೋಣವೆಂದು ಬೆರಳು ಇಳಿಸಿದೆ. ನಾಲ್ಕು ಬೆರಳು ಇಳಿದದ್ದೇ ಬಿಸಿ ತಾಗಿತು.

ಬಿಸಿ ಎಂದರೆ ಸುಡುವ ಬಿಸಿಯಲ್ಲ. ರಾತ್ರಿ ಅಡಿಗೆ ಮುಗಿಸಿ ಕೆಂಡ ಮುಚ್ಚಿದ ಒಲೆಯಲ್ಲಿ ಬೆಳಗ್ಗೆ ಇರುವಂಥ ಬಿಸಿ. ಕೈ ತೆಗೆದು ಮತ್ತೆ ಹಾಕಿದೆ. ಮಣಿಕಟ್ಟಿನವರೆಗೆ ಇಳಿಸಿದೆ, ಕೆಳಗೆ ಇನ್ನೂ ಬಿಸಿ ಇತ್ತು. ಕೆಂಡ ಸಿಗಲಿಲ್ಲ, ಹೊಗೆ ಇಲ್ಲ, ಸುಟ್ಟ ವಾಸನೆಯೂ ಇಲ್ಲ. ಎದ್ದು ಹೋಗಿ ಬಯಲಿನ ಇನ್ನೆರಡು ಒಲೆಗಳಿಗೆ ಕೈ ಹಾಕಿದೆ. ಅವು ತಣ್ಣಗೆ, ಕೆಸರಿನ ಹಾಗೆ ಇದ್ದವು. ಮರಳಿ ಬಂದು ಮೊದಲಿನದಕ್ಕೆ ಹಾಕಿದೆ. ಬಿಸಿ.

ಸುತ್ತ ನೋಡಿದೆ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ನಾವು ಮೂವರು ಬಂದ ಜಾಡು ಕಪ್ಪಗೆ ಕಾಣುತ್ತಿತ್ತು. ಬೇರೆ ಜಾಡು ಇರಲಿಲ್ಲ. ಹತ್ತಿರದಲ್ಲಿ ಒಂದು ಸೌದೆಯ ತುಂಡಿಲ್ಲ. ಸಂಕಪ್ಪನನ್ನು ಕರೆದು ಕೈ ಹಾಕೆಂದೆ. ಅವನು ಹಾಕಿ, ಒಂದು ಗಳಿಗೆ ಹಾಗೆಯೇ ಇಟ್ಟು, ತೆಗೆದು ಉಟ್ಟ ಮುಂಡಿಗೆ ಒರೆಸಿಕೊಂಡ. ನನ್ನ ಮುಖ ನೋಡಲಿಲ್ಲ. "ಉಂಟು ಸ್ವಾಮಿ" ಎಂದಷ್ಟೇ ಹೇಳಿದ. ಔಸೇಪನನ್ನೂ ಕರೆದೆ. ಅವನು ಕೈ ಹಾಕಿದ. "ತಣುಪ್ಪಾಣ್ ಸಾರ್" ಎಂದ. ನನಗೆ ಅರ್ಥವಾಗಲಿಲ್ಲವೆಂದುಕೊಂಡು, "ತಣ್ಣಗೆ ಉಂಟು ಸಾರ್, ತಣ್ಣಗೆ" ಎಂದು ಎರಡು ಸಲ ಕನ್ನಡದಲ್ಲಿ ಹೇಳಿದ. ಅವನಿಗೆ ನಿಜವಾಗಿ ತಣ್ಣಗೆ ತಾಗಿತೋ, ಮಕ್ಕಳ ಮುಖ ನೆನಪಾಗಿ ಹಾಗೆ ಹೇಳಿದನೋ ನಾನು ಹೇಳಲಾರೆ. ಅವನನ್ನು ನಾನು ಬೈಯುವುದಿಲ್ಲ.

ಈಗ ನನ್ನ ಪಾಡು ಯೋಚಿಸಿ. ಬೆಂಕಿಯಿರುವ ಒಲೆ ಕಂಡರೆ ಕಂಡಿತೆಂದು ಬರೆಯಬೇಕು, ವಾಸ ಉಂಟೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಹಾಗೆ ಬರೆದಿದ್ದರೆ ದರ್ಖಾಸ್ತು ಅಲ್ಲಿಗೇ ನಿಂತು, ಕೊಪ್ಪದವರು ಬರುವವರೆಗೆ ವಿಚಾರಣೆ ಮುಂದಕ್ಕೆ ಹೋಗುತ್ತಿತ್ತು. ಬರೆದದ್ದು ಸುಳ್ಳೂ ಆಗುತ್ತಿರಲಿಲ್ಲ, ನನ್ನ ಕೈಗೆ ಬಿಸಿ ತಾಗಿದ್ದು ಸತ್ಯ. ಆದರೆ ಎರಡು ತಿಂಗಳಿನಿಂದ ಯಾರೂ ವಾಸವಿಲ್ಲದ ಕಡೆ, ಜೇಡರ ಬಲೆಯ ಕೆಳಗೆ ಒಲೆ ಬಿಸಿ ಇತ್ತೆಂದು ಬರೆದರೆ ತಾಲೂಕು ಕಚೇರಿಯಲ್ಲಿ ನಗುವರು. ಊರಿನವರು ಇನ್ನೂ ಜೋರಾಗಿ ನಗುವರು. ಅಷ್ಟು ವರ್ಷ ಎಲ್ಲರನ್ನೂ ಗೇಲಿ ಮಾಡಿದವನಿಗೆ ಆ ಒಂದು ಹೆದರಿಕೆ ಸಾಕಾಯಿತು. ಜೇಬಿನ ಮಹಜರನ್ನು ತೆಗೆದೆ. ತಂದೆಯ ವಾಕ್ಯ ಹೇಗಿತ್ತೋ ಹಾಗೆಯೇ ಬಿಟ್ಟೆ. ಬಂಡೆಯ ಮೇಲಿಟ್ಟು ಸಹಿ ಹಾಕಿದೆ, ಔಸೇಪ್ ಸಹಿ ಹಾಕಿದ, ಸಂಕಪ್ಪ ಹೆಬ್ಬೆಟ್ಟು ಒತ್ತಿದ. ಗೋರಿ ಇಲ್ಲವೆಂದೂ ಅದರಲ್ಲಿ ಬರೆದಿತ್ತು. ಚನಿಯನ ಕಲ್ಲುಗಳು ಹತ್ತು ಹೆಜ್ಜೆ ದೂರದಲ್ಲಿದ್ದವು.

ಆಮೇಲೆ ಕಾರಣ ಹುಡುಕುವುದರಲ್ಲಿ ನಾನೇನೂ ಹಿಂದೆ ಬೀಳಲಿಲ್ಲ. ಬಂಡೆಗೆ ಬಿಸಿಲು ತಾಗಿ ಕಾದಿರಬಹುದೆಂದರೆ, ಆ ಹೊತ್ತಿಗೆ ಬಿಸಿಲು ಬಂದೇ ಇರಲಿಲ್ಲ. ಮಣ್ಣಿನಡಿಯಲ್ಲಿ ಯಾವುದೋ ಬೇರು ಹೊತ್ತಿ ಉರಿಯುತ್ತಿರಬಹುದೆಂದರೆ, ಅಲ್ಲಿ ಮರವೇ ಇಲ್ಲ. ಮುಳಿ ಕೊಯ್ಯುವವರು ರಾತ್ರಿ ತಂಗಿ ಗಂಜಿ ಬೇಯಿಸಿರಬಹುದೆಂದು ಸಂಕಪ್ಪನ ಮೂಲಕ ಊರೆಲ್ಲ ವಿಚಾರಿಸಿದೆ, ಕೊಯ್ಲು ಮುಗಿದ ಮೇಲೆ ಯಾರೂ ಆ ಕಡೆ ಹೋಗಿರಲಿಲ್ಲ. ಹೋಗಿದ್ದರೂ ಜೇಡರ ಬಲೆಯನ್ನು ಹರಿಯದೆ ಬೆಂಕಿ ಹಾಕಿದ್ದು ಹೇಗೆ? ಮುಚ್ಚಿಟ್ಟ ಕೆಂಡ ಒಂದು ದಿನ ಇರುತ್ತದೆ, ಉಮಿ ಹಾಕಿದರೆ ಮೂರು ನಾಲ್ಕು ದಿನ. ಎರಡು ತಿಂಗಳು ಇದ್ದದ್ದನ್ನು ಯಾರೂ ಕೇಳಿಲ್ಲ. ಮರುದಿನ ಹತ್ತಿಹೋಗಿ ಇನ್ನೊಮ್ಮೆ ಕೈ ಹಾಕಿ ನೋಡಬಹುದಾಗಿತ್ತು. ಹೋಗಲಿಲ್ಲ. ಮತ್ತೆ ಬಿಸಿಯಿದ್ದರೆ ಮಾಡುವುದೇನು ಎಂಬ ಅಳುಕು.

ಕುಂಭ ತಿಂಗಳ ಕೊನೆಗೆ ಜಾಗ ಔಸೇಪನ ಹೆಸರಿಗೆ ಮಂಜೂರಾಯಿತು. ಅವನು ಮುಳ್ಳಿನ ಬೇಲಿ ಹಾಕಿ, ಕಲ್ಲು ಹೆಕ್ಕಿ, ಮಣ್ಣು ಹೊತ್ತು ತಂದು ಏರಿ ಮಾಡಿ ಮರಗೆಣಸು ನೆಟ್ಟ. ಮಳೆಗೆ ಮುಂಚೆ ಒಂದು ಸಣ್ಣ ಮನೆ ಏಳಿಸಿದ. ಬಂಡೆಯ ಅಡಿಯ ಒಲೆ ಏನಾಯಿತೆಂದು ನಾನು ಕೇಳಲಿಲ್ಲ.

ಪತ್ತನಾಜೆಯ ಮರುದಿನ ಬೆಳಗ್ಗೆ ನಮ್ಮ ತಡಮೆಯ ಆಚೆಯಿಂದ "ಧಣಿಗಳು ಇದ್ದೀರಾ?" ಎಂದು ಕೂಗು ಕೇಳಿತು. ತುಕ್ರು. ಅವಳ ಹಿಂದೆ ಇಬ್ಬರು ಮಕ್ಕಳು, ಬಳ್ಳಿಯ ಹೊರೆಗಳನ್ನು ಇಳಿಸದೆ ತಲೆಯ ಮೇಲೇ ಇಟ್ಟುಕೊಂಡು ನಿಂತಿದ್ದರು. ಬೇಲಿ ನೋಡಿ ನೇರ ಇಲ್ಲಿಗೆ ಬಂದಿದ್ದರು. ಸಂಕಪ್ಪ ಏನೋ ಕಾಗದ ಕೊಡುವುದಕ್ಕೆಂದು ಬಂದವನು ನಮ್ಮ ಅಂಗಳದಲ್ಲೇ ಇದ್ದ. ಪಕ್ಕದ ಊರಿನ ಶಾಲೆಯ ಮಾಸ್ತರರೊಬ್ಬರು ದೊಡ್ಡ ಮಗನಿಗೆ ದಾರಿಯಲ್ಲಿ ಧೈರ್ಯ ಹೇಳಿದ್ದರೆಂದು ಅವನು ಆಗಷ್ಟೇ ನನಗೆ ತಿಳಿಸಿದ್ದ. ತಕರಾರು ಅರ್ಜಿ ಬರೆದು ಕೊಡುತ್ತೇನೆ, ಶ್ಯಾನುಭೋಗರು ವಾಸ ಇತ್ತೆಂದು ಒಂದು ಮಾತು ಹೇಳಿದರೆ ಮತ್ತೆ ತನಿಖೆಯಾಗುತ್ತದೆ ಎಂದು. ಅದು ಸರಿಯಾದ ಮಾತೇ. ನಾನು ಅದಕ್ಕೆ ತಯಾರಾಗಿ, ಅವಧಿ ಮುಗಿಯಿತು, ನೋಟೀಸು ಅಂಟಿಸಿತ್ತು ಎಂದು ಉತ್ತರಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಹೊರಗೆ ಬಂದೆ. ತುಕ್ರು ಅದು ಯಾವುದನ್ನೂ ಕೇಳಲಿಲ್ಲ. ಅವಳು ಆಡಿದ್ದು ತುಳುವಿನಲ್ಲಿ, ನನಗೆ ನೆನಪಿರುವಷ್ಟನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತೇನೆ.

"ಧಣಿ, ನೀವು ನಮ್ಮ ಒಲೆಗೆ ಕೈ ಹಾಕಿ ನೋಡಿದ್ದೀರಂತೆ, ಹೌದಾ?"

"ಯಾರು ಹೇಳಿದ್ದು?"

"ಉಗ್ರಾಣಿಗಳು. ದಾರಿಯಲ್ಲಿ ಸಿಕ್ಕಿದ್ದರು. ನೋಡಿದ್ದಾರೆ ಅಂತ ಮಾತ್ರ ಹೇಳಿದ್ದು. ಎಂತ ಇತ್ತು ಅಂತ ಧಣಿಗಳ ಹತ್ತಿರವೇ ಕೇಳು ಅಂದರು."

ಸಂಕಪ್ಪ ನೆಲ ನೋಡುತ್ತಿದ್ದ.

"ಬಂಡೆಯ ಅಡಿಯದ್ದು ನನ್ನ ಒಲೆ," ಎಂದಳು. "ಕಾಡಿಗೆ ಹೋಗುವ ದಿನ ಕೆಂಡ ಮುಚ್ಚಿ, ಮುದುಕನ ಕಲ್ಲಿನ ಹತ್ತಿರ ಕೂತು ಹೇಳಿ ಹೋಗಿದ್ದೆ. ಬೆಂಕಿ ನೋಡಿಕೋ, ಪತ್ತನಾಜೆಗೆ ಬರ್ತೇನೆ ಅಂತ. ಜೀವ ಇರುವಾಗಲೂ ಬೆಂಕಿ ನೋಡುವ ಕೆಲಸ ಅವನದ್ದೇ. ನಾವು ಬಂದು ಬೇಲಿಯ ಆಚೆಯಿಂದ ನೋಡುವಾಗ ಒಲೆ ಇರಲಿಲ್ಲ, ಅಲ್ಲಿ ಗೆಣಸು ನೆಟ್ಟಿದ್ದಾರೆ. ನೋಡಿದವರು ನೀವು ಮಾತ್ರ. ಬಿಸಿ ಇತ್ತಾ ಧಣಿ?"

ದೊಡ್ಡ ಮಗನಿಗೆ ಸಹನೆ ತಪ್ಪಿತು. "ಅಮ್ಮ, ಜಾಗದ ವಿಷಯ ಕೇಳು ನೀನು," ಎಂದ.

"ಅದನ್ನೇ ಕೇಳ್ತಾ ಇದ್ದೇನೆ ಮಗಾ. ಬಿಸಿ ಇದ್ದರೆ ಅವ ಅಲ್ಲೇ ಇದ್ದಾನೆ. ಅವನನ್ನು ಬಿಟ್ಟು ನಾನು ಹೋಗುವುದಿಲ್ಲ, ಯಾರು ಬಂದು ಎಳೆದರೂ ಹೋಗುವುದಿಲ್ಲ. ಮಾಸ್ಟ್ರು ಎಲ್ಲಿ ಹೆಬ್ಬೆಟ್ಟು ಒತ್ತಲಿಕ್ಕೆ ಹೇಳ್ತಾರೋ ಅಲ್ಲಿ ಒತ್ತುತ್ತೇನೆ. ತಣ್ಣಗಿದ್ದರೆ ಅವ ಹೊರಟು ನಮ್ಮ ಹಿಂದೆ ಬಂದಿದ್ದಾನೆ. ಮತ್ತೆ ಆ ಪದವು ನನಗೆ ಎಂತಕ್ಕೆ?"

ಹೀಗೆ ಬೆಂಕಿ ಒಪ್ಪಿಸಿ ಹೋಗುವುದು ಅವರ ಜನರಲ್ಲಿ ಎಲ್ಲರ ಪದ್ಧತಿಯೋ, ಆ ಒಂದು ಮನೆಯದ್ದೋ, ಅವಳೊಬ್ಬಳದ್ದೋ ನನಗೆ ತಿಳಿಯದು. ಇಷ್ಟು ವರ್ಷ ಅವಳ ಬುಟ್ಟಿ ಉಪಯೋಗಿಸಿಯೂ ಅಂಥದ್ದೊಂದನ್ನು ತಿಳಿದುಕೊಂಡಿರಲಿಲ್ಲ.

ಬಿಸಿ ಇತ್ತು ಎಂಬ ಎರಡು ಮಾತು ಗಂಟಲಿನವರೆಗೆ ಬಂದಿತ್ತು. ಅದನ್ನು ಹೇಳಿದರೆ ನನ್ನ ಸಹಿಯ ಮಹಜರು ಸುಳ್ಳೆಂದು ನಾನೇ ಒಪ್ಪಿದ ಹಾಗೆ. ಔಸೇಪನ ಮನೆಯಲ್ಲಿ ಆ ಕೈಗೂಸು ಇನ್ನೂ ಚೇತರಿಸಿಕೊಂಡಿರಲಿಲ್ಲ, ಮಳೆ ಬೇರೆ ತಲೆಯ ಮೇಲಿತ್ತು. ಇವೆಲ್ಲ ನೆನಪಾದದ್ದು ಹೌದು. ಆದರೆ ಒಳಗಿನ ನಿಜ ಹೇಳಬೇಕೆಂದರೆ, ಬಾಯಿ ಕಟ್ಟಿದ್ದು ಅದು ಯಾವುದೂ ಅಲ್ಲ. ಆ ಮಾತು ಹೇಳಿದರೆ ನಾನು ಅದನ್ನು ನಂಬಬೇಕಾಗುತ್ತಿತ್ತು.

"ತಣ್ಣಗಿತ್ತು," ಎಂದೆ.

ಅವಳು ಅಳಬಹುದು ಎಂದುಕೊಂಡಿದ್ದೆ. ಅವಳ ಮುಖ ಸಡಿಲವಾಯಿತು. ತಲೆಯ ಮೇಲಿನ ಭಾರ ಯಾರೋ ಇಳಿಸಿಕೊಟ್ಟ ಹಾಗೆ ದೊಡ್ಡ ಉಸಿರು ಬಿಟ್ಟಳು. "ಹಾಗಾದರೆ ಬಂದಿದ್ದಾನೆ," ಎಂದು ಮಕ್ಕಳ ಕಡೆ ತಿರುಗಿದಳು. "ಕಾಡಿನಲ್ಲಿ ನಾನು ಒಬ್ಬಳೇ ಮಾತಾಡ್ತಾ ಇದ್ದೆ ಅಂತ ನೀವು ನಗಾಡಿದಿರಿ. ಅವ ಕೇಳ್ತಾ ಇದ್ದ." ಆಮೇಲೆ ನನಗೆ ಕೈ ಮುಗಿದಳು. ನಿಜ ಹೇಳಿದ್ದಕ್ಕೆ.

ದೊಡ್ಡ ಮಗ ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಅವನಿಗೆ ಏನಾದರೂ ತಿಳಿದಿತ್ತೋ ಏನೋ. ತಾಯಿ ಹೊರಟ ಮೇಲೆ ಅವನೂ ಹೊರಟ. ಅರ್ಜಿ ಬರೆಸಲಿಲ್ಲ. ಅವರು ಬಂದ ದಾರಿಯಲ್ಲೇ ಮೂಡಲಿಗೆ ಹೋದರು. ಪದವಿನ ಕಡೆ ತುಕ್ರು ಒಮ್ಮೆಯೂ ತಿರುಗಿ ನೋಡದೆ ಹೋದಳೆಂದು ಸಂಕಪ್ಪ ಹೇಳಿದ. ಆ ಮಳೆಗಾಲದಲ್ಲೇ, ಘಟ್ಟದ ಬುಡದ ಎಲ್ಲೋ ಒಂದು ಕಡೆ ಅವಳು ತೀರಿಕೊಂಡ ಸುದ್ದಿ ಬಂತು.

ಔಸೇಪನ ಕೈಗೂಸೂ ಉಳಿಯಲಿಲ್ಲ. ಕ್ರೈಸ್ತರ ಇಗರ್ಜಿ ದೂರ, ತೋಡು ತುಂಬಿ ದಾಟುವಂತಿರಲಿಲ್ಲ. ಅವನು ಮಗುವನ್ನು ಪದವಿನಲ್ಲೇ, ಚನಿಯನ ಕಲ್ಲುಗಳ ಪಕ್ಕದಲ್ಲಿ ಮಣ್ಣು ಮಾಡಿದ. ಗೋರಿ ಇಲ್ಲವೆಂದು ನಾನು ಬರೆದ ಜಾಗದಲ್ಲಿ ಎರಡು ಗೋರಿಯಾದವು. ಔಸೇಪನಾಗಲಿ ನಾನಾಗಲಿ ಆ ಬೆಳಗಿನ ಮಾತನ್ನು ಮತ್ತೆ ಎತ್ತಲಿಲ್ಲ, ಎದುರು ಸಿಕ್ಕಿದರೆ ಇಬ್ಬರೂ ಮಳೆಯ ವಿಷಯ ಮಾತಾಡುತ್ತಿದ್ದೆವು. ಸಂಕಪ್ಪ ಮಾತ್ರ ತನ್ನ ಕೊನೆಯ ಕಾಯಿಲೆಯಲ್ಲಿ, ನಾನು ನೋಡಲು ಹೋದಾಗ, ಬೇರೇನೋ ಹೇಳುತ್ತಿದ್ದವನು ನಿಲ್ಲಿಸಿ, "ಬಿಸಿ ಇತ್ತಲ್ಲ ಸ್ವಾಮಿ" ಎಂದ. ನಾನು ಹೌದು ಎಂದೆ. ಹೌದೆಂದು ಬಾಯಿ ಬಿಟ್ಟು ಹೇಳಿದ್ದು ಅದೊಂದೇ ಸಲ.

ನಾನೀಗ ಯಾರನ್ನೂ ಪಾಟೀಸವಾಲು ಮಾಡುವುದಿಲ್ಲ. ಬೂದಿ ಏಕೆ ಬಿಸಿಯಿತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ. ನನಗೆ ಹೊಳೆಯದ ಏನೋ ಒಂದು ಸಾಮಾನ್ಯ ಕಾರಣ ಇದ್ದೇ ಇರಬೇಕೆಂದು ಹಗಲು ಹೊತ್ತಿನಲ್ಲಿ ಅನ್ನಿಸುತ್ತದೆ. ಹಾಗಿದ್ದರೆ ನಾನು ಒಬ್ಬ ಬಡ ಹೆಂಗಸಿನ ಜಾಗ ಕಳೆದ ಸುಳ್ಳುಗಾರ, ಅಷ್ಟೇ. ಅದನ್ನಾದರೂ ಹೇಗೋ ಹೊತ್ತುಕೊಂಡಿರಬಹುದು. ಹೊರಲಾರದ್ದು ಇನ್ನೊಂದಿದೆ. ಗಂಡ ತನ್ನ ಹಿಂದೆ ಬಂದಿದ್ದಾನೆಂದು ನನ್ನ ಮಾತು ನಂಬಿ ತುಕ್ರು ನೆಮ್ಮದಿಯಿಂದ ಹೋದಳು. ಅವನು ಬಂದಿರಲಿಲ್ಲ. ಅವಳು ಹೇಳಿದ ಲೆಕ್ಕದಲ್ಲೇ, ಅವನು ಅಲ್ಲೇ ಕೂತು ಅವಳ ಬೆಂಕಿ ಕಾಯುತ್ತಿದ್ದ. ಪತ್ತನಾಜೆಗೆ ಬರುತ್ತೇನೆಂದು ಹೇಳಿ ಹೋದವಳು ಏಕೆ ಬರಲಿಲ್ಲವೆಂದು ಚನಿಯನಿಗೆ ಹೇಳಿದವರು ಯಾರೂ ಇಲ್ಲ.